ಬಾಯಿಗೆ ಬಿಟ್ಟ ಗಂಗೆ

"ಬೆಲ್ ಒತ್ತಿದೆ ಸಾರ್, ಓಡಿದೆ. ಅಷ್ಟೇ ನಾನು ಮಾಡಿದ್ದು."

ಅನಿಲ್ ಕುಮಾರ್ ಬೆಳಗಿನಿಂದ ಇದೊಂದೇ ಮಾತು ಹೇಳುತ್ತಿದ್ದ. ಸಬ್ ಇನ್ಸ್‌ಪೆಕ್ಟರ್ ಮರಿಯಣ್ಣ ಕುರ್ಚಿಯನ್ನು ಕಾಲಿನಿಂದ ಹಿಂದಕ್ಕೆ ತಳ್ಳಿ ಎದ್ದ. ಏಟು ಬೀಳುತ್ತದೆಂದು ಹುಡುಗ ತೋಳು ಅಡ್ಡ ಹಿಡಿದ. ಏಟು ಬೀಳಲಿಲ್ಲ. ಮರಿಯಣ್ಣ ಕಿಟಕಿಯ ಹತ್ತಿರ ಹೋಗಿ ನಿಂತ.

ಕಿಟಕಿಯಾಚೆ, ಠಾಣೆಯ ಜಗಲಿಯ ಮೇಲೆ ಹುಡುಗನ ತಾಯಿ ಮುನಿಯಕ್ಕ ಕೂತಿದ್ದಳು. ಕಲಾಸಿಪಾಳ್ಯದಲ್ಲಿ ಗಂಡಸರ ಸಮಕ್ಕೆ ನಿಂತು ತರಕಾರಿ ಮಂಡಿ ನಡೆಸುವ ಹೆಂಗಸು. ಅವಳ ಬಾಯಿಗೆ ಲಾರಿಯವರೇ ಹೆದರುತ್ತಿದ್ದರು. ಇವತ್ತು ಅವಳು ಬಾಯಿ ಬಿಟ್ಟಿರಲಿಲ್ಲ.

ಎಂ.ಎಸ್ಸಿ. ಕೊನೆಯ ವರ್ಷದ ಆತ್ರೇಯ ಸತ್ತು ನಾಲ್ಕು ದಿನವಾಗಿತ್ತು. ಕುಡಿದು ಎಚ್ಚರ ತಪ್ಪಿದವನ ಬಾಯಿಗೆ ಯಾರೋ ಮತ್ತೆ ಮದ್ಯ ಸುರಿದಿದ್ದಾರೆ, ಅದು ಶ್ವಾಸಕೋಶಕ್ಕೆ ಇಳಿದು ಪ್ರಾಣ ಹೋಗಿದೆ ಎಂದು ಮರಣೋತ್ತರ ಪರೀಕ್ಷೆ ಮಾಡಿದ ಡಾಕ್ಟರು ಹೇಳಿದ್ದರು. ಕೊನೆಗೆ ಅವನ ಜೊತೆಗಿದ್ದವನು ಸಹಪಾಠಿ ಅನಿಲ್. ಸಂಜೆ ಐದಕ್ಕೆ ಅವನನ್ನು ಕೊಲೆ ಆರೋಪದ ಮೇಲೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಎಂದು ಮೇಲಿನಿಂದ ಹುಕುಂ ಬಂದಿತ್ತು. ಆಗಲೇ ಮೂರಾಗಿತ್ತು.

"ಏನು ಕುಡಿದ್ರಿ ಅವತ್ತು?"

"ರಮ್ಮು ಸಾರ್. ಕೋಲಾ ಹಾಕ್ಕೊಂಡು."

"ನೀರಿನ ಥರ ಇರೋದು? ವೋಡ್ಕಾನೋ, ಜಿನ್ನೋ?"

"ಇಲ್ಲ ಸಾರ್. ಬಾರಿನವನನ್ನೇ ಕೇಳಿ."

ಮರಿಯಣ್ಣ ಕೇಳಿಯಾಗಿತ್ತು. ಬಾರಿನವನೂ ರಮ್ಮು ಅಂದಿದ್ದ. ಮರಿಯಣ್ಣನ ತಲೆ ಕೆಡಿಸಿದ್ದು ಅದೇ. ಹೊಟ್ಟೆಯಲ್ಲಿ ಸಿಕ್ಕಿದ್ದು ಕೋಲಾ ಬೆರೆತ ಕಂದು ಬಣ್ಣದ ರಮ್ಮು. ಶ್ವಾಸಕೋಶದಲ್ಲಿ ಸಿಕ್ಕಿದ್ದಕ್ಕೆ ಬಣ್ಣವೇ ಇರಲಿಲ್ಲ. ಇವತ್ತು ಬೆಳಿಗ್ಗೆ ಫೋನಿನಲ್ಲಿ ಒತ್ತಿ ಒತ್ತಿ ಕೇಳಿದ ಮೇಲೆ ಡಾಕ್ಟರು ಹೇಳಿದ್ದು ಇದು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದ್ದರು: ಹಾಗೇ ಮಗ್ಗುಲಿಗೆ ಮಲಗಿಸಿದ್ದರೆ ಹುಡುಗ ಮರುದಿನ ತಲೆನೋವಿನೊಂದಿಗೆ ಎದ್ದು ಕಾಫಿ ಕೇಳುತ್ತಿದ್ದ.

"ಅವನಿಗೆ ಕುಡಿಯೋದು ಕಲಿಸಿದೋನು ನೀನೇ ತಾನೆ?"

ಅನಿಲ್ ತಲೆ ಎತ್ತಿದ. ಈ ಸಲ ಅವನ ದನಿಯಲ್ಲಿ ಹೆದರಿಕೆಗಿಂತ ಸಿಟ್ಟು ಹೆಚ್ಚಿತ್ತು.

"ಕಲಿಸೋಕೆ ಏನಿದೆ ಸಾರ್ ಅದರಲ್ಲಿ? ನಮ್ಮನೇಲಿ ಹಬ್ಬ ಆದ್ರೆ ಮಾವಂದಿರೆಲ್ಲ ಕುಡೀತಾರೆ, ಬೈದಾಡ್ತಾರೆ, ಮಲಗ್ತಾರೆ. ನನಗೆ ಅದೇನು ದೊಡ್ಡ ವಿಷಯ ಅಲ್ಲ. ಎರಡು ಹಾಕಿದ್ರೆ ಸಾಕು ಅನ್ನಿಸುತ್ತೆ. ಅವನಿಗೆ ಹಂಗಲ್ಲ. ಅವನು ಖುಷಿಗೆ ಕುಡೀತಿರ್ಲಿಲ್ಲ."

"ಮತ್ಯಾಕೆ?"

ಹುಡುಗ ನಿಧಾನವಾಗಿ ಹೇಳತೊಡಗಿದ. ಆತ್ರೇಯನಷ್ಟು ಓದಿದವರು ತರಗತಿಯಲ್ಲಿ ಇರಲಿಲ್ಲ. ಆದರೆ ಸೆಮಿನಾರಿಗೆ ನಿಂತರೆ ಕೈ ನಡುಗಿ ಹಾಳೆಗಳು ಉದುರುತ್ತಿದ್ದವು. ಅರ್ಧ ವಾಕ್ಯ ಹೇಳಿ ನಿಂತುಬಿಡುತ್ತಿದ್ದ. ಬ್ರಾಹ್ಮಣರ ಹುಡುಗನೆಂದು ಹಿಂದಿನ ಬೆಂಚಿನವರು ಪುಳಿಚಾರು ಎಂದು ಕೂಗುತ್ತಿದ್ದರು. ಒಂದು ದಿನ ಯಾರದೋ ಹುಟ್ಟುಹಬ್ಬಕ್ಕೆ ಎಲ್ಲರೂ ಒತ್ತಾಯ ಮಾಡಿ ಕುಡಿಸಿದರು. ಅವತ್ತು ಆತ್ರೇಯ ಗಂಟೆಗಟ್ಟಲೆ ಮಾತಾಡಿದ. ನಗಿಸಿದ. ಪ್ರೊಫೆಸರುಗಳ ಅಣಕ ಮಾಡಿದ. ಮರುದಿನ ಇಡೀ ತರಗತಿ ಅವನನ್ನು ಮಚ್ಚಾ ಎಂದು ಕರೆಯಿತು. ಆಮೇಲೆ ಪ್ರತಿ ಸೆಮಿನಾರಿಗೆ ಮುಂಚೆ ಅವನೇ ಬಾರು ಹುಡುಕಿಕೊಂಡು ಹೊರಡತೊಡಗಿದ.

"ಸಾಕು ಮಗಾ ಅಂದ್ರೆ ಬೈತಿದ್ದ ಸಾರ್. ಕುಡಿದಾಗ ಮಾತ್ರ ಅವರಪ್ಪನ ದನಿ ಕೇಳ್ಸಲ್ವಂತೆ. ಅವರಪ್ಪ ಅವನಿಗೆ ಚಿಕ್ಕಂದಿನಿಂದ ಒಂದು ಮಾತೂ ಪೂರ್ತಿ ಮುಗಿಸೋಕೆ ಬಿಟ್ಟಿಲ್ಲವಂತೆ. ಮಧ್ಯದಲ್ಲೇ ತಿದ್ದೋರಂತೆ. ಕ್ಲಾಸಲ್ಲಿ ನಿಂತ್ರೂ ಕಿವಿಯೊಳಗೆ ಅದೇ. ತಪ್ಪು, ತಪ್ಪು, ಮೊದಲಿಂದ ಹೇಳು."

ಮರಿಯಣ್ಣನ ಊರಿನಲ್ಲಿ ಕುಡಿಯುವವರಿಗೇನು ಬರವಿರಲಿಲ್ಲ. ದಿನವೆಲ್ಲ ಬಗ್ಗಿ ಸೊಂಟ ಹಿಡಿದವರು, ಮಣ್ಣು ಹೊತ್ತು ಹೆಗಲು ಇಳಿದವರು, ಹೆಂಡತಿಯ ಮೇಲೆ ಕೈ ಮಾಡಲು ನೆಪ ಬೇಕಾದವರು. ಅವರೆಲ್ಲ ಅವನಿಗೆ ಅರ್ಥವಾಗುತ್ತಿದ್ದರು. ಬಾಯಿ ತುಂಬ ಇಂಗ್ಲಿಷು, ಎರಡು ಹೊತ್ತು ಬಿಸಿಯೂಟ ಇದ್ದೂ ಒಂದು ವಾಕ್ಯ ಮುಗಿಸುವುದಕ್ಕಾಗಿ ಕುಡಿಯುವವನು ಅವನಿಗೆ ಹೊಸಬ.

"ಸರಿ. ಅವತ್ತು ಜಾಸ್ತಿಯಾಯ್ತು. ಮನೆಗೆ ತಂದೆ. ಒಳಗೆ ಯಾಕೆ ಬಿಡಲಿಲ್ಲ?"

"ಅವರಪ್ಪ ಬಾಗಿಲು ತೆಗೆದ್ರೆ ಏನು ಹೇಳಲಿ ಸಾರ್? ಜಗಲಿ ಮೇಲೆ ಮಲಗಿಸಿದೆ. ಉಸಿರಾಡ್ತಿದ್ದ. ಗೊರಕೆನೂ ಹೊಡೀತಿದ್ದ. ಬೆಲ್ ಒತ್ತಿ ಓಡಿದೆ."

ಮರಿಯಣ್ಣ ಟೋಪಿ ತೆಗೆದುಕೊಂಡ. ಹೊರಗೆ ಬಂದಾಗ ಮುನಿಯಕ್ಕ ಎದ್ದು ನಿಂತಳು. ಅವನ ಮುಖ ನೋಡಿದಳು, ಮತ್ತೆ ಕೂತಳು.

ಬಸವನಗುಡಿಯ ಆ ಮನೆ ಗಾಂಧಿ ಬಜಾರಿನ ಹಿಂದಿನ ರಸ್ತೆಯಲ್ಲಿತ್ತು. ಕಾನ್‌ಸ್ಟೇಬಲ್ ದಾಸಪ್ಪ ಜೀಪನ್ನು ಗೇಟಿನ ಎದುರೇ ನಿಲ್ಲಿಸಿದ. ಆತ್ರೇಯನ ತಂದೆ ಬದರೀನಾರಾಯಣ, ಹೆಸರಾಂತ ಹೈಸ್ಕೂಲೊಂದರ ಹೆಡ್‌ಮಾಸ್ಟರು, ಜಗಲಿಯ ಮೇಲೆ ಚಾಪೆಯಲ್ಲಿ ಕೂತಿದ್ದರು. ಮೈಮೇಲೆ ಒಂದೇ ಪಂಚೆ, ಕ್ಷೌರವಿಲ್ಲದ ಗಡ್ಡ.

"ಇನ್ನೂ ಯಾಕೆ ಬಂದಿರಿ? ನಾನು ದೂರು ಕೊಟ್ಟಾಗಿದೆ. ಅಪರಾಧಿ ನಿಮ್ಮ ವಶದಲ್ಲಿದ್ದಾನೆ."

"ಆರೋಪಿ ಮೇಷ್ಟ್ರೇ," ಅಂದ ಮರಿಯಣ್ಣ. "ಇನ್ನೂ ಆರೋಪಿ. ಅಮ್ಮನೋರ ಹತ್ತಿರ ಒಂದೆರಡು ಮಾತಿದೆ."

ಹಜಾರದಲ್ಲಿ ತುಳಸಮ್ಮ ಕಂಬಕ್ಕೆ ಒರಗಿ ಕೂತಿದ್ದರು. ಅಳುವುದು ಮುಗಿದು ಸುಸ್ತಾದ ಮುಖ. ಅಡಿಗೆಮನೆಯ ಬಾಗಿಲಲ್ಲಿ ಮಗಳು ಆರಾಧನಾ ನಿಂತಿದ್ದಳು. ಯೂನಿವರ್ಸಿಟಿಯಲ್ಲಿ ಎಂ.ಎ. ಓದುವ ಹುಡುಗಿ. ನಾಲ್ಕು ದಿನದಲ್ಲಿ ಅವಳು ಮಾತಾಡಿದ್ದನ್ನು ಮರಿಯಣ್ಣ ಕೇಳಿರಲಿಲ್ಲ. ಅವಳನ್ನು ಏನಾದರೂ ಕೇಳಬೇಕೆಂದು ಅವನಿಗೂ ಹೊಳೆದಿರಲಿಲ್ಲ.

ಅವತ್ತು ಬೆಲ್ ಆದ ಮೇಲೆ ಏನೇನಾಯಿತು, ಒಂದನ್ನೂ ಬಿಡದೆ ಹೇಳಿ ಎಂದು ಕೇಳಿಕೊಂಡ.

"ಎಂಟು ಗಂಟೆ ಇರಬೇಕು. ನಾನು ಸಾರಿಗೆ ಒಗ್ಗರಣೆ..."

"ಏಳೂ ಮುಕ್ಕಾಲು," ಅಂದರು ಬದರೀನಾರಾಯಣ, ಬಾಗಿಲಲ್ಲಿ ನಿಂತು.

"ಏಳೂ ಮುಕ್ಕಾಲು. ಇವರು ಬಾಗಿಲು ತೆಗೆದ್ರು. ಮಗು ಜಗಲಿ ಮೇಲೆ..."

"ಬಾಗಿಲ ಹತ್ತಿರ. ಜಗಲಿ ಅಲ್ಲ."

ತುಳಸಮ್ಮ ಬಾಯಿ ಮುಚ್ಚಿದರು. ಮರಿಯಣ್ಣ ಹಿಂತಿರುಗಿ ಮೇಷ್ಟರನ್ನು ನೋಡಿದ. ಅನಿಲ್ ಹೇಳಿದ್ದು ಸುಳ್ಳಲ್ಲ. ಮಗ ಸತ್ತ ಮನೆಯಲ್ಲೂ ಈ ಮನುಷ್ಯ ಯಾರಿಗೂ ಮಾತು ಮುಗಿಸಲು ಬಿಡುತ್ತಿರಲಿಲ್ಲ.

"ನೀವು ಸ್ವಲ್ಪ ಹೊರಗಿರಿ ಮೇಷ್ಟ್ರೇ."

"ನನ್ನ ಮನೆ ಇದು."

"ಹೊರಗಿರಿ ಅಂದೆ."

ಅವರು ಹೋದರು. ಆಮೇಲೆ ತುಳಸಮ್ಮನ ಮಾತು ತಾನಾಗಿಯೇ ಹರಿಯಿತು. ಮಗನ ಮೈಯೆಲ್ಲ ತಣ್ಣಗಿತ್ತು. ಕೂಗಿದರೆ ಕಣ್ಣು ಬಿಡಲಿಲ್ಲ. ಬಾಯಿಂದ ಆಸ್ಪತ್ರೆಯ ಸ್ಪಿರಿಟ್ಟಿನಂಥ ವಾಸನೆ ಬರುತ್ತಿತ್ತು. ಹಿಂದಿನ ದಿನ ಸೆಮಿನಾರಿನ ವಿಷಯಕ್ಕೆ ಅಪ್ಪನಿಂದ ಬೈಸಿಕೊಂಡಿದ್ದ. ಲ್ಯಾಬಿನಿಂದ ಏನನ್ನೋ ತಂದು ಕುಡಿದು ಪ್ರಾಣ ಕಳೆದುಕೊಂಡ ಎಂದೇ ಅವರು ತಿಳಿದರು.

ಮಗ ವಿಷ ಕುಡಿದಾನು, ಶರಾಬು ಕುಡಿಯಲಾರ. ಆ ಮನೆಯ ನಂಬಿಕೆ ಅಂಥದು.

"ಇವರು ಆಟೋಗೆ ಓಡಿದ್ರು. ನಮ್ಮನೆ ಫೋನು ಸತ್ತಿತ್ತು, ಇವಳು ಪಕ್ಕದ ಮನೆಗೆ ಓಡಿದಳು. ನಾನೊಬ್ಬಳೇ. ಮಗು ಗೊರ ಗೊರ ಅಂತಿತ್ತು. ಹೋಗೋ ಸದ್ದು ಅದು ಅನ್ನಿಸ್ತು. ಬರಿಗಂಟಲಲ್ಲಿ ಹೋಗಬಾರದಲ್ಲ. ದೇವರ ಮನೇಲಿ ಕಾಶಿ ಗಂಗೆ ಇತ್ತು. ಅರಗು ಒಡೆದು ಬಾಯಿಗೆ ಬಿಟ್ಟೆ."

ಮರಿಯಣ್ಣ ಅವರ ಎದುರು ಕುಕ್ಕರುಗಾಲಲ್ಲಿ ಕೂತ.

"ಎಷ್ಟು ಬಿಟ್ರಿ ತಾಯಿ?"

"ಚಮಚೆಯಲ್ಲಿ ಬಿಡಬೇಕು. ನನ್ನ ಕೈ ನಿಲ್ತಿರಲಿಲ್ಲ, ಗಿಂಡಿಯಿಂದಲೇ ಬಿಟ್ಟೆ. ಒಂದ್ಸಲ ಕೆಮ್ಮಿದ. ಆಮೇಲೆ ಶಾಂತವಾದ." ತುಳಸಮ್ಮ ಅವನ ಮುಖ ನೋಡಿದರು. "ಗಂಗೆ ಒಳಗೆ ಇಳೀತು ಅಲ್ವಾ ಸಾಹೇಬ್ರೇ? ಡಾಕ್ಟರು ಕೊಯ್ದು ನೋಡಿದಾರಲ್ಲ, ಅವರಿಗೆ ಗೊತ್ತಿರುತ್ತೆ. ನನಗೆ ಅದೊಂದೇ ಸಮಾಧಾನ."

ಅವನು ಆ ಗಿಂಡಿ ನೋಡಬಹುದೇ ಎಂದು ಕೇಳಿದ. ಬೂಟು ಬಿಚ್ಚಿ ದೇವರ ಮನೆಯ ಹೊಸ್ತಿಲಲ್ಲಿ ನಿಂತ. ಈಗ ಮನೆಗೇ ಸೂತಕ, ಮಡಿಯೇನು ಬಂತು, ಮುಟ್ಟಿ ಎಂದರು ತುಳಸಮ್ಮ. ಉಳಿದದ್ದನ್ನು ಚೆಲ್ಲಿಲ್ಲ, ತಮಗೆ ಬೇಕಾಗುತ್ತದೆಂದು ಮುಚ್ಚಿಟ್ಟಿರುವುದಾಗಿಯೂ ಹೇಳಿದರು.

ಮುಷ್ಟಿ ಗಾತ್ರದ ತಾಮ್ರದ ಗಿಂಡಿ. ಮನೆಯಲ್ಲಿ ಸಾವು ಬಂದ ಹೊರತು ಯಾರೂ ತೆರೆಯದಂಥದ್ದು. ಮರಿಯಣ್ಣ ಮುಚ್ಚಳ ಸಡಿಲಿಸಿ ಮೂಗಿಗೆ ಹಿಡಿದ. ಎರಡನೇ ಸಲ ಹಿಡಿಯುವ ಅಗತ್ಯ ಬೀಳಲಿಲ್ಲ. ಜಿನ್ನು.

ಗಿಂಡಿಯ ಕತ್ತಿನಲ್ಲಿ ಒಡೆದ ಅರಗು ಅಂಟಿಕೊಂಡಿತ್ತು. ಉಗುರಿನಿಂದ ಕೆರೆದ. ಅರಗಾದರೆ ಪುಡಿಯಾಗಬೇಕು, ಇದು ಮೆತ್ತಗೆ ಸುರುಳಿಯಾಗಿ ಬಂತು. ಮೇಣದಬತ್ತಿಯ ಮೇಣ. ಬೆರಳಿಗೆ ಕೆಂಪು ಹತ್ತಿತು. ಮೇಣಕ್ಕೆ ಕುಂಕುಮ ಕಲಸಿ ಅರಗಿನ ಬಣ್ಣ ಬರಿಸಿದ್ದರು ಯಾರೋ, ತುಂಬ ನಾಜೂಕಾಗಿ.

ಗಿಂಡಿಯನ್ನು ಇದ್ದಲ್ಲೇ ಇಟ್ಟ. ವಶಕ್ಕೆ ತೆಗೆದುಕೊಳ್ಳಬೇಕಾದರೆ ಪಂಚರ ಮುಂದೆ ಮಹಜರು ಆಗಬೇಕು. ಪೊಲೀಸಿನವನೊಬ್ಬನ ಮೂಗನ್ನು ಯಾವ ಕೋರ್ಟೂ ನಂಬುವುದಿಲ್ಲ. ಅಕ್ಕಪಕ್ಕದಿಂದ ಇಬ್ಬರನ್ನು ಕರೆತರಲು ದಾಸಪ್ಪನನ್ನು ಕಳಿಸಿದ. ಆ ಹೊತ್ತು ಅವನು ಗಿಂಡಿಯ ಹತ್ತಿರವೇ ನಿಲ್ಲಬೇಕಿತ್ತು. ಆದರೆ ಎಲ್ಲದರಲ್ಲೂ ತಪ್ಪು ಹುಡುಕುವ ಮೇಷ್ಟರ ಮೂಗಿಗೆ ಇದು ಬೀಳದೆ ಇರಲಾರದು ಎನ್ನಿಸಿ ಸಿಟ್ಟು ನೆತ್ತಿಗೇರಿತ್ತು. ನೇರ ಜಗಲಿಗೆ ನಡೆದ.

"ಮೇಷ್ಟ್ರೇ, ಆ ಗಿಂಡಿಯೊಳಗೆ ಏನಿದೆ ಅಂತ ನಿಮಗೆ ಯಾವತ್ತು ಗೊತ್ತಾಯ್ತು?"

ಬದರೀನಾರಾಯಣ ಬೆಚ್ಚಲಿಲ್ಲ. ಅದನ್ನು ಕಂಡೇ ಮರಿಯಣ್ಣನಿಗೆ ಉತ್ತರ ಸಿಕ್ಕಿತು.

"ಅದೇ ದಿನ," ಅಂದರು ಅವರು, ತಗ್ಗಿದ ದನಿಯಲ್ಲಿ. "ಆಸ್ಪತ್ರೆಯಿಂದ ಬಂದು ದೇವರ ಮುಂದೆ ಕೂತೆ. ಗಿಂಡಿ ತೆರೆದಿತ್ತು. ಮೂಸಿದೆ. ಚೆಲ್ಲಿದರೆ ಇವಳು ಯಾಕೆಂದು ಕೇಳ್ತಾಳೆ ಅಂತ ಹಾಗೇ ಬಿಟ್ಟೆ."

"ಆಮೇಲೆ ಠಾಣೆಗೆ ಬಂದು ಆ ಹುಡುಗನ ಹೆಸರು ಬರೆದ್ರಿ."

"ಅವನೇ ಕುಡಿಸಿದ್ದು. ಅದು ಸುಳ್ಳಲ್ಲ."

"ಕುಡಿಸೋದು ಬೇರೆ, ಕೊಲ್ಲೋದು ಬೇರೆ. ಮಕ್ಕಳಿಗೆ ಪಾಠ ಹೇಳೋರು ನೀವು. ಅವರಮ್ಮ ಅಲ್ಲಿ ಠಾಣೆ ಮುಂದೆ ಕೂತಿದಾಳೆ, ಹೋಗಿ ಒಂದ್ಸಲ ಮುಖ ನೋಡ್ಕೊಂಡು ಬನ್ನಿ."

"ಅವರು ಹೇಗಾದರೂ ಬಿಡಿಸ್ಕೋತಾರೆ. ವಕೀಲರಿದ್ದಾರೆ, ಜನ ಇದ್ದಾರೆ. ಹುಡುಗ ಒಂದಷ್ಟು ದಿನ ಒಳಗಿದ್ದು ಬರ್ತಾನೆ." ಬದರೀನಾರಾಯಣ ಹಜಾರದ ಕಡೆ ಕೈ ತೋರಿದರು. "ಇವಳು? ಮಗನನ್ನ ತನ್ನ ಕೈಯಾರೆ ಕೊಂದೆ ಅಂತ ಗೊತ್ತಾದ್ರೆ ಇವಳು ಬೆಳಗಾಗೋವರೆಗೆ ಬದುಕ್ತಾಳಾ? ನೀವು ಹೇಳಿ. ಅವನೇ ಅದರಲ್ಲಿ ಬಚ್ಚಿಟ್ಟಿದ್ದ, ಅವನೇ ಹೋದ. ಸತ್ತವನ ಜೊತೆಗೇ ಅದೂ ಹೋಗಲಿ."

ಮರಿಯಣ್ಣನಿಗೆ ಹೊಡೆಯಬೇಕೆನಿಸಿತು, ಯಾರನ್ನು ಹೊಡೆಯಬೇಕೆಂದು ತಿಳಿಯಲಿಲ್ಲ.

"ಅಣ್ಣ ಅಲ್ಲ."

ಆರಾಧನಾ ಬಾಗಿಲಿಗೆ ಬಂದು ನಿಂತಿದ್ದಳು.

"ಅದರಲ್ಲಿ ಇಟ್ಟಿದ್ದು ನಾನು. ನನ್ನದು ಅದು."

"ಒಳಗೆ ಹೋಗು," ಅಂದರು ಬದರೀನಾರಾಯಣ. "ಏನು ಮಾತಾಡ್ತಿದೀಯ ಅನ್ನೋ ಪ್ರಜ್ಞೆ..."

"ಬಾಯಿ ಮುಚ್ಚಿ ಮೇಷ್ಟ್ರೇ. ಇವತ್ತೊಂದಿನ ಯಾರಾದ್ರೂ ಮಾತು ಮುಗಿಸಲಿ ಈ ಮನೇಲಿ."

ಅವಳು ಅಳಲಿಲ್ಲ. ಅಣ್ಣನ ಚೀಲದಲ್ಲಿ ಬಾಟಲಿ ಸಿಕ್ಕಿದ್ದು, ಅಪ್ಪನಿಗೆ ಹೇಳುತ್ತೇನೆಂದು ಹೆದರಿಸಿದ್ದು, ಅವನು ಕಾಲು ಹಿಡಿದದ್ದು, ಕೊನೆಗೆ ಒಂದು ಗುಟುಕು ತಾನೇ ಕುಡಿದು ನೋಡಿದ್ದು, ಎಲ್ಲವನ್ನೂ ಯಾರದೋ ಕಥೆಯಂತೆ ಹೇಳಿದಳು. ಆಮೇಲೆ ಅಣ್ಣನೇ ತಂದುಕೊಡುತ್ತಿದ್ದ. ವಾಸನೆ ಕಡಿಮೆ ಎಂದು ಬಿಳಿಯದು. ಬೀರುವಿನ ಬಟ್ಟೆ ಅಮ್ಮ ಮಡಿಸುತ್ತಾಳೆ, ಪುಸ್ತಕಗಳನ್ನು ಅಪ್ಪ ತೆರೆಯುತ್ತಾರೆ. ಬೀಗವಿಲ್ಲದೆಯೂ ಯಾರೂ ಕೈ ಹಾಕದ ಜಾಗ ಆ ಮನೆಯಲ್ಲಿ ಒಂದೇ ಇತ್ತು.

"ಬೆಳಿಗ್ಗೆ ದೀಪ ಹಚ್ಚೋಕೆ ಹೋಗ್ತೀನಲ್ಲ, ಆಗ ಒಂದು ಗುಟುಕು. ಮೇಣ ದೀಪಕ್ಕೆ ಹಿಡಿದು ಮತ್ತೆ ಮೊದಲಿನ ಹಾಗೇ ಮುಚ್ಚಿಡ್ತಿದ್ದೆ. ನಾನು ಮಡಿಯಲ್ಲಿರ್ತೀನಿ, ಹತ್ತಿರ ಯಾರೂ ಬರಲ್ಲ. ಆಮೇಲೆ ಬಸ್ಸಲ್ಲಿ, ಕ್ಲಾಸಲ್ಲಿ, ಮನೇಲಿ ಯಾರು ಏನಂದ್ರೂ ತಾಗ್ತಿರಲಿಲ್ಲ." ಅವಳು ಅಪ್ಪನ ಕಡೆ ನೋಡಲಿಲ್ಲ. "ಅಣ್ಣ ಮಾತಾಡೋಕೆ ಕುಡೀತಿದ್ದ ಸಾರ್. ನಾನು ಮಾತಾಡದೇ ಇರೋಕೆ ಕುಡೀತಿದ್ದೆ."

ಬದರೀನಾರಾಯಣ ಚಾಪೆಯ ಮೇಲೆ ಕುಸಿದರು. ತಿದ್ದಲು ಅವರ ಬಳಿ ಏನೂ ಇರಲಿಲ್ಲ.

"ಇದನ್ನ ಪಂಚರ ಮುಂದೆ ಹೇಳ್ತೀಯಾ ಮಗಳೇ? ಆ ಅನಿಲ್ ಉಳ್ಕೋತಾನೆ."

ಆರಾಧನಾ ತಲೆಯಾಡಿಸಿದಳು. ಅಮ್ಮನಿಗೆ ಮಾತ್ರ ಬೇರೆ ಕೋಣೆಯಲ್ಲಿ, ನಿಧಾನವಾಗಿ, ತಾನೇ ಹೇಳುವುದಾಗಿ ಕೇಳಿಕೊಂಡಳು. ಆಗಲಿ ಎಂದ ಮರಿಯಣ್ಣ. ನಾಲ್ಕು ದಿನದಲ್ಲಿ ಮೊದಲ ಸಲ ಅವನ ಉಸಿರು ಸರಾಗವಾಯಿತು. ಐದಕ್ಕೆ ಇನ್ನೂ ಸಮಯವಿತ್ತು.

ದಾಸಪ್ಪ ಇಬ್ಬರನ್ನು ಕರೆದುಕೊಂಡು ಗೇಟು ತೆಗೆದ. ಒಬ್ಬರು ಎದುರು ಮನೆಯ ನಿವೃತ್ತ ಬ್ಯಾಂಕ್ ಗುಮಾಸ್ತರು, ಇನ್ನೊಬ್ಬ ಮೂಲೆಯ ಹೂವಿನಂಗಡಿಯವನು. ಎಲ್ಲರೂ ಒಳಗೆ ಬಂದರು.

ದೇವರ ಮನೆಯಲ್ಲಿ ಗಿಂಡಿ ಇರಲಿಲ್ಲ.

ಜಗಲಿಗೂ ಹಜಾರಕ್ಕೂ ನಡುವೆ ಕಿಟಕಿಯೊಂದಿತ್ತು. ಅದರ ಬಾಗಿಲು ತೆರೆದೇ ಇತ್ತು. ಮರಿಯಣ್ಣ ಅದನ್ನು ಈಗ ನೋಡಿದ.

ತುಳಸಮ್ಮ ಹಿತ್ತಿಲ ಬಾಗಿಲಿನಿಂದ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು. ಮೊಣಕೈವರೆಗೆ ಹುಣಸೆಹಣ್ಣಿನ ಗಷ್ಟು. ಕೈಯಲ್ಲಿ ಗಿಂಡಿ, ಅಂಗಡಿಯಿಂದ ಈಗ ತಂದಂತೆ ಫಳಫಳ ಹೊಳೆಯುತ್ತಿತ್ತು. ಕತ್ತಿನಲ್ಲಿ ಮೇಣದ ಗುರುತೂ ಇಲ್ಲ. ಕಂಠದವರೆಗೆ ನೀರು.

"ಏನು ಮಾಡಿದ್ರಿ ತಾಯಿ ನೀವು?"

"ಸೂತಕದಲ್ಲಿ ಎಲ್ಲರೂ ಮುಟ್ಟಿದ್ದು. ತಿಕ್ಕಿದೆ."

"ಒಳಗಿದ್ದದ್ದು?"

"ಒಳಗಿರೋದು ಗಂಗೆ. ನನ್ನ ಮಗನಿಗೆ ನಾನು ಬಿಟ್ಟಿದ್ದು ಗಂಗೆ."

ಅವರ ದನಿ ಒಂದಿಷ್ಟೂ ಅಲುಗಲಿಲ್ಲ. ಕಣ್ಣು ಮಾತ್ರ ಸುಟ್ಟ ಬತ್ತಿಯಂತಿದ್ದವು. ಎಲ್ಲವೂ ಅವರ ಕಿವಿಗೆ ಬಿದ್ದಿತ್ತು. ಒಬ್ಬ ಮಗನನ್ನು ಕಳೆದುಕೊಂಡದ್ದು ಹೇಗೆಂದು ತಿಳಿದುಕೊಂಡ ಅದೇ ಗಳಿಗೆಯಲ್ಲಿ, ಉಳಿದಿರುವ ಒಬ್ಬಳನ್ನು ಬಿಟ್ಟುಕೊಡಬಾರದೆಂದು ಅವರು ತೀರ್ಮಾನಿಸಿಯೂ ಆಗಿತ್ತು.

ಮರಿಯಣ್ಣ ಆರಾಧನಾಳ ಕಡೆ ತಿರುಗಿದ. "ಹೊರಗೆ ನನಗೆ ಹೇಳಿದ್ದನ್ನ ಇವರಿಬ್ಬರ ಮುಂದೆ ಹೇಳಮ್ಮ. ಸಾಕ್ಷಿಗೆ ಈಗ ನೀನೊಬ್ಬಳೇ ಉಳಿದಿರೋದು."

ಹುಡುಗಿಯ ತುಟಿ ತೆರೆಯಿತು.

"ಕೈ ಒಡ್ಡು," ಅಂದರು ತುಳಸಮ್ಮ.

"ಅಮ್ಮಾ..."

"ಒಡ್ಡು. ಕುಡಿದು ನೋಡಿ ಹೇಳು. ಇದರಲ್ಲಿ ಏನಿತ್ತು ಅಂತ ನೀನೇ ಹೇಳು ಇವರಿಗೆಲ್ಲ."

ಆರಾಧನಾ ಬೊಗಸೆ ಒಡ್ಡಿದಳು. ತಾಯಿ ಗಿಂಡಿ ಬಗ್ಗಿಸಿದರು, ನಿಧಾನವಾಗಿ, ಒಂದು ಹನಿಯೂ ನೆಲಕ್ಕೆ ಬೀಳದಂತೆ. ಹುಡುಗಿ ಬೊಗಸೆಯನ್ನು ಬಾಯಿಗೆ ಎತ್ತಿದಳು. ನುಂಗಿದಳು. ಹೂವಿನಂಗಡಿಯವನು ಅಭ್ಯಾಸಬಲದಿಂದ ಕೈ ಮುಗಿದ.

"ಏನಮ್ಮ ಅದು?" ಮರಿಯಣ್ಣ ಒಂದು ಹೆಜ್ಜೆ ಮುಂದೆ ಬಂದ. "ಆ ಹುಡುಗನ್ನ ನೆನೆಸ್ಕೊಂಡು ಹೇಳು."

ಅವಳು ತಾಯಿಯ ಕೈ ನೋಡಿದಳು. ಆ ಕೈ ಈಗ ನಡುಗತೊಡಗಿತ್ತು.

"ಗಂಗೆ," ಅಂದಳು ಆರಾಧನಾ.

ದಾಸಪ್ಪ ಮಹಜರಿನ ಹಾಳೆಯ ಮೇಲೆ ಪೆನ್ನು ಊರಿ, ಬರೆಯಲೋ ಬೇಡವೋ ಎಂದು ಮರಿಯಣ್ಣನ ಮುಖ ನೋಡಿದ.